ಸ್ಪೀಕರ್ ಬಾಕ್ಸ್‌ಗೆ ತೇಗ, ಪ್ಲೈವುಡ್, ಎಂಡಿಎಫ್: ಯಾವುದರಲ್ಲಿ ಸೌಂಡ್ ಚೆನ್ನಾಗಿ ಬರುತ್ತದೆ?

ತೇಗದ ಹಲಗೆಗಳಿವೆ, ಆರು ಇಂಚಿನ ವೂಫರ್ (ಬೇಸ್ ನುಡಿಸುವ ಸ್ಪೀಕರ್) ಇದೆ, ಎಲ್ಲ ಕಡೆ ಮುಚ್ಚಿದ ಬಾಕ್ಸ್ ಮಾಡಬೇಕು, ಆದರೆ ಎಂಡಿಎಫ್ (ಮರದ ನಾರಿಗೆ ಅಂಟು ಸೇರಿಸಿ ಒತ್ತಿ ಮಾಡಿದ ಹಲಗೆ) ಹಾಕಿ ಅಂತ ಎಲ್ಲರೂ ಹೇಳುತ್ತಾರೆ ಅಂದಿದ್ದೀರಿ. ನಿಮ್ಮ ಪ್ರಶ್ನೆಯನ್ನು ನಾನೇ ಬರೆದಿದ್ದೇನೋ ಅನ್ನಿಸಿತು. ನಾನು ಯಾರ ಮಾತೂ ಕೇಳದೆ ತೇಗದಲ್ಲೇ ಮಾಡಿದವನು. ನೀವು ಆ ಹಲಗೆಗೆ ಗರಗಸ ಹಾಕುವ ಮೊದಲು ಇದನ್ನು ಓದಿ.

ನನ್ನ ಲೆಕ್ಕ ಸರಳವಾಗಿತ್ತು. ವೀಣೆಗೆ ಒಳ್ಳೆ ಮರ ಹಾಕುತ್ತಾರೆ, ನಾದ ಬರುತ್ತದೆ. ಸ್ಪೀಕರಿಗೂ ಒಳ್ಳೆ ಮರ ಹಾಕಿದರೆ ನಾದ ಬರಬೇಕಲ್ವಾ? ಬರುತ್ತದೆ, ತೊಂದರೆ ಇರುವುದೇ ಅಲ್ಲಿ. ವೀಣೆಯ ಮರ ತಂತಿಯ ಜೊತೆ ತಾನೂ ನುಡಿಯಬೇಕು. ಸ್ಪೀಕರಿನಲ್ಲಿ ನುಡಿಯಬೇಕಾದದ್ದು ಕೋನ್, ಅಂದರೆ ಮುಂದೆ ಅದುರುವ ಬಟ್ಟಲಿನಂಥ ಹಾಳೆ, ಮಾತ್ರ. ಬಾಕ್ಸ್ ಕೂಡ ಬಾಯಿ ಹಾಕಿದರೆ ಯಾವ ಹಾಡು ಹಾಕಿದರೂ ಅದೇ ಒಂದು ಗುಂಯ್ ಸೇರಿಕೊಳ್ಳುತ್ತದೆ. ಗಿಟಾರ್ ಆಂಪ್ಲಿಫೈಯರಿನ ಬಾಕ್ಸ್‌ಗಳನ್ನು ಪೈನ್ ಮರದ ಹಲಗೆಯಲ್ಲಿ ಮಾಡುವುದುಂಟು, ಆದರೆ ಅಲ್ಲಿ ಬಾಕ್ಸಿನ ಗುಂಯ್ ಕೂಡ ಗಿಟಾರಿನ ದನಿಯ ಭಾಗ. ಹಾಗಾಗಿ "ಯಾವ ಮರದ ಸೌಂಡ್ ಚೆನ್ನ" ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮರದ ಸೌಂಡ್ ಕೇಳಲೇಬಾರದು.

ಇಷ್ಟೇ ಆಗಿದ್ದರೆ ಸಹಿಸಿಕೊಂಡಿರುತ್ತಿದ್ದೆ. ನನ್ನ ಬಾಕ್ಸ್ ಹಾಳಾದದ್ದು ಬೇರೆ ಕಾರಣಕ್ಕೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮರ ಗಾಳಿಯ ತೇವ ಎಳೆದುಕೊಂಡು ಹಿಗ್ಗುತ್ತದೆ, ಒಣ ಹವೆಯಲ್ಲಿ ಕುಗ್ಗುತ್ತದೆ. ಕಡಿದು ಎಷ್ಟೇ ವರ್ಷ ಆಗಿದ್ದರೂ ಇದು ನಿಲ್ಲುವುದಿಲ್ಲ. ಎಲ್ಲ ದಿಕ್ಕಿಗೂ ಒಂದೇ ಸಮ ಆಗುವುದೂ ಇಲ್ಲ. ಎಳೆಯ (ಮರದ ನಾರಿನ) ಉದ್ದಕ್ಕೆ ಲೆಕ್ಕಕ್ಕೇ ಬಾರದಷ್ಟು, ಎಳೆಗೆ ಅಡ್ಡಕ್ಕೆ ಜಾಸ್ತಿ. ನಾನು ಪಕ್ಕದ ಹಲಗೆಗಳನ್ನು ಎಳೆ ಮೇಲಿಂದ ಕೆಳಕ್ಕೆ ಬರುವ ಹಾಗೆ ನಿಲ್ಲಿಸಿದೆ. ನೋಡೋಕೆ ಚೆಂದ ಅಂತ, ಅಷ್ಟೇ. ಹಲಗೆ ಅದುರಬಾರದು ಅಂತ ಒಳಗಡೆ ಒಂದು ಅಡ್ಡಪಟ್ಟಿ ಕೊಟ್ಟೆ. ಪಟ್ಟಿಯ ಎಳೆ ಹಿಂದಿನಿಂದ ಮುಂದಕ್ಕೆ. ಅದರ ಪೂರ್ತಿ ಉದ್ದಕ್ಕೂ ಅಂಟು ಬಳಿದೆ, ಸಾಲದು ಅಂತ ಸ್ಕ್ರೂ ಕೂಡ ಬಿಗಿದೆ. ಅಂದರೆ ಕುಗ್ಗುವ ಹಲಗೆಯನ್ನು ಕುಗ್ಗದ ಪಟ್ಟಿಗೆ ಕಟ್ಟಿಹಾಕಿದೆ. 30 ಸೆಂಟಿಮೀಟರ್ ಅಗಲದ ಹಲಗೆ ಶೇಕಡಾ 1ರಷ್ಟು ಕುಗ್ಗಿದರೂ 3 ಮಿಲಿಮೀಟರ್ ಆಯಿತು. ಆ 3 ಮಿಲಿಮೀಟರ್ ಎಲ್ಲಿಂದ ಬರಬೇಕು? ಅಂಟು ಬಿಡಲಿಲ್ಲ, ಸ್ಕ್ರೂ ಬಿಡಲಿಲ್ಲ. ಮರವೇ ಸೀಳಿತು.

ಸೀಳು ಸರಿಯಾಗಿ ಎಳೆಯ ಗೆರೆಯಲ್ಲೇ ಹೋಗಿದ್ದರಿಂದ ನನಗೆ ಕಾಣಿಸಲೇ ಇಲ್ಲ. ಮರದ ಗೆರೆ ಅಂದುಕೊಂಡಿದ್ದೆ. ಬೇಸ್ ಮಾತ್ರ ಸಡಿಲವಾಯಿತು, ಜೋರಾಗಿ ಹಾಕಿದರೆ ಸುಸ್ಸೆನ್ನುವ ಸದ್ದು. ಕ್ರಾಸ್‌ಓವರ್ (ಬೇಸ್, ಟ್ರೆಬಲ್ ಬೇರ್ಪಡಿಸುವ ಸರ್ಕ್ಯೂಟ್) ಮೇಲೆ ಅನುಮಾನ ಬಂದು ಕೆಪಾಸಿಟರ್ ಬದಲಾಯಿಸಿದೆ. ಆಮೇಲೆ ವೂಫರನ್ನೇ ಬೈದೆ. ಮುಚ್ಚಿದ ಬಾಕ್ಸಿನಲ್ಲಿ ಕೋನನ್ನು ಹಿಡಿತದಲ್ಲಿಡುವುದು ಒಳಗಿನ ಗಾಳಿ. ಅದು ಸೋರಿದರೆ ಹಿಡಿತ ತಪ್ಪುತ್ತದೆ ಅನ್ನುವುದು ನನಗೆ ಗೊತ್ತಿದ್ದ ವಿಷಯವೇ. ಸೋರುವುದು ಜೋಡಣೆಯಲ್ಲಿ ಅಂತ ನಂಬಿ ಮೂಲೆಗಳನ್ನಷ್ಟೇ ನೋಡುತ್ತಿದ್ದೆ. ಕೊನೆಗೆ 40 ಹರ್ಟ್ಸ್ ದನಿ ಹಾಕಿ, ಬೆರಳು ಒದ್ದೆ ಮಾಡಿಕೊಂಡು ಇಡೀ ಬಾಕ್ಸ್ ಮೇಲೆ ಆಡಿಸಿದಾಗ ಹಲಗೆಯ ನಡುವೆಯೇ ತಣ್ಣಗೆ ಗಾಳಿ ತಾಗಿತು. ಪುಟ್ಟಿ ತುಂಬಿದೆ. ತೇವದ ಹವೆ ಬಂದಾಗ ಹಲಗೆ ಹಿಗ್ಗಿ ಪುಟ್ಟಿಯನ್ನು ಹೊರಗೆ ತಳ್ಳಿತು. ಅಲ್ಲಿಗೆ ಸಾಕಾಯಿತು. ವೂಫರ್ ಮೊದಲಾದ ಡ್ರೈವರ್‌ಗಳನ್ನು ಬಿಚ್ಚಿಕೊಂಡು ಬಾಕ್ಸ್ ಎಸೆದೆ. ಅಷ್ಟು ಒಳ್ಳೆಯ ಮರ!

ಈಗ ನಿಮ್ಮ ವಿಷಯ. 18 ಮಿಲಿಮೀಟರ್ ಎಂಡಿಎಫ್ ತಗೊಳ್ಳಿ. ಅದಕ್ಕೆ ಎಳೆಯೇ ಇಲ್ಲ, ಎಲ್ಲ ಕಡೆ ಒಂದೇ ಥರ, ಒಂದು ಘನ ಮೀಟರಿಗೆ 700ರಿಂದ 800 ಕಿಲೋ ತೂಗುತ್ತದೆ, ವೂಫರಿನ ದುಂಡು ತೂತು ನೀಟಾಗಿ ಬರುತ್ತದೆ. ಬಾಕ್ಸ್ ಆಗಾಗ ಹೊತ್ತೊಯ್ಯುವುದಿದ್ದರೆ ಬರ್ಚ್ ಮರದ ಪ್ಲೈವುಡ್ ಮೇಲು, ಹಗುರ ಮತ್ತು ಬಿಗಿ. ಮಾಮೂಲಿ ಪ್ಲೈವುಡ್ ಬೇಡ. ಪದರಗಳ ನಡುವೆ ಪೊಳ್ಳು ಇರುತ್ತದೆ, ಅದು ಜಿರ್ರೆನ್ನುತ್ತದೆ. ಪಾರ್ಟಿಕಲ್ ಬೋರ್ಡ್ (ಮರದ ಚೂರುಗಳನ್ನು ಅಂಟಿಸಿ ಒತ್ತಿದ ಹಲಗೆ) ಜನ ಬೈಯುವಷ್ಟು ಕೆಟ್ಟದ್ದಲ್ಲ, ಆದರೆ ಅಂಚು ಉದುರುತ್ತದೆ.

ನಿಜ ಹೇಳಬೇಕೆಂದರೆ ಈ ಆಯ್ಕೆಗೆ ನೀವು ಕೊಡುತ್ತಿರುವಷ್ಟು ಬೆಲೆ ಇಲ್ಲ. ಹಲಗೆಯ ಬಿಗಿ ದಪ್ಪದ ಘನಕ್ಕೆ ತಕ್ಕ ಹಾಗೆ ಏರುತ್ತದೆ. 18ರಿಂದ 25 ಮಿಲಿಮೀಟರಿಗೆ ಹೋದರೆ ಬಿಗಿ ಸುಮಾರು 2.7 ಪಟ್ಟು. ದೊಡ್ಡ ಹಲಗೆಗೆ ನಡುಮಧ್ಯ ಬಿಟ್ಟು ತುಸು ಪಕ್ಕಕ್ಕೆ ಒಂದು ಅಡ್ಡಪಟ್ಟಿ ಕೊಟ್ಟರೆ ತೂಕ ಅಷ್ಟು ಏರದೆ ಕೆಲಸ ಆಗುತ್ತದೆ. ಎಂಡಿಎಫ್‌ಗೆ ಎಂಡಿಎಫ್ ಪಟ್ಟಿಯನ್ನೇ ಹಾಕಿ, ಎಷ್ಟು ಬೇಕಾದರೂ ಅಂಟು ಬಳಿಯಿರಿ. ಇದಕ್ಕೆ ಪೂರ್ತಿ ಉಲ್ಟಾ ದಾರಿಯೂ ಇದೆ. 1970ರ ದಶಕದಲ್ಲಿ ಬಿಬಿಸಿಯವರು ಎಲ್‌ಎಸ್3/5ಎ ಸ್ಪೀಕರಿಗೆ ತೆಳು ಬರ್ಚ್ ಪ್ಲೈವುಡ್ ಹಾಕಿ, ಒಳಗೆ ಬಿಟುಮೆನ್ (ಡಾಂಬರು) ಅಂಟಿಸಿ ಅದುರುವುದನ್ನು ಅಡಗಿಸಿದರು. ಇವತ್ತಿಗೂ ಜನ ಅದನ್ನು ಹುಡುಕುತ್ತಾರೆ.

ಇನ್ನು ಕೆಲವು ದೋಷಗಳಿಗೂ ಮರಕ್ಕೂ ಸಂಬಂಧವೇ ಇಲ್ಲ. ಒಳಗಿನ ಎತ್ತರ 35 ಸೆಂಟಿಮೀಟರ್ ಇದ್ದರೆ ಸುಮಾರು 490 ಹರ್ಟ್ಸ್‌ನಲ್ಲಿ ದನಿ ಮೇಲೆ ಕೆಳಗೆ ಬಡಿಯುತ್ತ ಒಳಗೇ ಉಳಿದು ಮೊಳಗುತ್ತದೆ. ಚಿನ್ನದ ಬಾಕ್ಸ್ ಮಾಡಿದರೂ ಅದು ಹೋಗುವುದಿಲ್ಲ. ಒಳಗೆ ಪಾಲಿಯೆಸ್ಟರ್ ಹತ್ತಿ ತುಂಬಬೇಕು.

ತೇಗ ಕಣ್ಣಿಗೆ ಬೇಕೇ ಬೇಕು ಅಂದರೆ ಎಂಡಿಎಫ್ ಮೇಲೆ ತೇಗದ ವೆನೀರ್ (ಮರದ ತೆಳು ಹಾಳೆ) ಅಂಟಿಸಿ. ಒಂದೇ ಬದಿಗೆ ಅಂಟಿಸಿದರೆ ಹಲಗೆ ಬಾಗಬಹುದು, ಒಳಬದಿಗೂ ಯಾವುದಾದರೂ ಸಾದಾ ವೆನೀರ್ ಹಾಕಿಬಿಡಿ. ಎಂಡಿಎಫ್ ಕತ್ತರಿಸುವಾಗ ಮಾಸ್ಕ್ ಇಲ್ಲದೆ ಕೂರಬೇಡಿ, ಆ ಧೂಳು ಬಹಳ ಸಣ್ಣ, ಎಂಡಿಎಫ್‌ನ ಅಂಟಿನಲ್ಲಿ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಅನ್ನುವ ಹಾನಿಕರ ರಾಸಾಯನಿಕ ಇರುತ್ತದೆ. ಅಂಚಿಗೆ ಸ್ಕ್ರೂ ಹಾಕುವ ಮುಂಚೆ ಸಣ್ಣ ತೂತು ಕೊರೆದುಕೊಳ್ಳಿ, ಇಲ್ಲದಿದ್ದರೆ ಪದರ ಬಿಚ್ಚಿಕೊಳ್ಳುತ್ತದೆ. ವೂಫರಿನ ಮಾಡೆಲ್ ಯಾವುದು ಅಂತ ಬರೆದರೆ ಬಾಕ್ಸ್ ಎಷ್ಟು ಲೀಟರ್ ಇರಬೇಕು ಅಂತ ಲೆಕ್ಕ ಹಾಕಿ ಹೇಳುತ್ತೇನೆ.