ಪ್ರಾಣ ಉಳಿಸಿದವರಿಗೆ ಪಾರ್ಕಿಂಗ್ ಬಗ್ಗೆ ಹೇಗೆ ಹೇಳಲಿ?

ಪ್ರಶ್ನೆ:

ಅಕ್ಕ, ನಾವಿರುವುದು ಬೆಂಗಳೂರಿನ ಉತ್ತರಹಳ್ಳಿ ಕಡೆಯ ಒಂದು ಅಪಾರ್ಟ್‌ಮೆಂಟಿನಲ್ಲಿ. ಒಟ್ಟು 48 ಮನೆ. ಅಮ್ಮ ತೀರಿಕೊಂಡ ಮೇಲೆ ಅಪ್ಪ ನಮ್ಮ ಜೊತೆಗೇ ಇದ್ದಾರೆ. ಅವರಿಗೀಗ 74. ಕಳೆದ ವರ್ಷದಿಂದ ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್. ಮೊದಲ ಶಿಫ್ಟ್ ಆರು ಗಂಟೆಗೆ, ಹಾಗಾಗಿ ಐದೂವರೆಗೆಲ್ಲ ಬೇಸ್‌ಮೆಂಟಿಗೆ ಇಳಿಯುತ್ತೇವೆ. ಕಾರು ಓಡಿಸುವವಳು ನಾನೇ. ನಮ್ಮ ಜಾಗದ ಬಲಕ್ಕೆ ಗೋಡೆ, ಎಡಕ್ಕೆ ಮೂರನೇ ಮಹಡಿಯವರ ದೊಡ್ಡ ಗಾಡಿ. ಅದು ದಿನಾ ರಾತ್ರಿ ಹಳದಿ ಗೆರೆ ದಾಟಿ ಒಂದು ಗೇಣು ನಮ್ಮ ಕಡೆ ಬಂದು ನಿಂತಿರುತ್ತದೆ. ಅಪ್ಪ ಕೂರುವ ಕಡೆಯ ಬಾಗಿಲು ಸರಿಯಾಗಿ ತೆರೆಯುವುದೇ ಇಲ್ಲ. ಫಿಸ್ಟುಲಾ ಇರುವುದೂ ಅವರ ಎಡಗೈಯಲ್ಲೇ. ಹೋದ ಬುಧವಾರ ನುಸುಳಿಕೊಂಡು ಹತ್ತುವಾಗ ಬಾಗಿಲಿನ ಅಂಚು ತಗುಲಿ ಕೈ ಊದಿಕೊಂಡಿತು. ಕಾರನ್ನು ಮೊದಲು ರಿವರ್ಸ್ ತೆಗೆದು ಆಮೇಲೆ ಹತ್ತಿಸೋಣವೆಂದರೆ ದಾರಿಗೆ ಅಡ್ಡವಾಗುತ್ತದೆ. ಹಾಲಿನ ಗಾಡಿಯವನು, ಕ್ಯಾಬಿನವರು ಹಾರ್ನ್ ಹೊಡೆಯುತ್ತಾರೆ. ಅಪ್ಪನಿಗೆ ಗಾಬರಿ.

ಹೋಗಿ ಹೇಳಬಾರದೇ ಎಂದು ನೀವು ಕೇಳಬಹುದು. 2021ರ ಮೇ ತಿಂಗಳಲ್ಲಿ ನನ್ನ ಗಂಡನಿಗೆ ಕೋವಿಡ್ ಆಗಿ ಆಕ್ಸಿಜನ್ 82ಕ್ಕೆ ಇಳಿದಾಗ ಆಂಬುಲೆನ್ಸ್ ಸಿಗಲಿಲ್ಲ. ಇದೇ ಮನುಷ್ಯ ತನ್ನ ಕಾರಿನಲ್ಲಿ ಅವರನ್ನು ಕೂರಿಸಿಕೊಂಡು ರಾತ್ರಿಯಿಡೀ ಸುತ್ತಿ, ಐದನೇ ಆಸ್ಪತ್ರೆಯಲ್ಲಿ ಬೆಡ್ ಹುಡುಕಿಕೊಟ್ಟರು. ‘ನಾನು ಬದುಕಿರೋದೇ ಅವರಿಂದ, ಅವರಿಗೆ ಒಂದು ಮಾತೂ ಅನ್ನಬೇಡ’ ಅನ್ನುತ್ತಾರೆ ನನ್ನವರು. ಮಗ ಫೋಟೋ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತೇನೆ ಅನ್ನುತ್ತಾನೆ. ಚಕ್ರದ ಗಾಳಿ ಬಿಡುವ ಮಾತನ್ನೂ ಆಡಿದ್ದಾನೆ. ನನಗೆ ಒಮ್ಮೊಮ್ಮೆ ಬೇರೆಯೇ ಯೋಚನೆ ಬರುತ್ತದೆ. ಕೈ ಊದಿದ್ದು ನಮ್ಮ ಮಾವನವರದಾಗಿದ್ದರೂ ನನ್ನವರು ಹೀಗೇ ಸುಮ್ಮನಿರುತ್ತಿದ್ದರೇ?

– ಹೆಸರು ಬೇಡ, ಬೆಂಗಳೂರು

ಉತ್ತರ:

ಮೊದಲು ಅಪ್ಪನ ಕೈ ವಿಚಾರ. ಮಿಕ್ಕಿದ್ದೆಲ್ಲ ಆಮೇಲೆ. ಫಿಸ್ಟುಲಾ ಎಂದರೆ ಶುದ್ಧ ರಕ್ತನಾಳಕ್ಕೂ ಮಲಿನ ರಕ್ತನಾಳಕ್ಕೂ ಶಸ್ತ್ರಚಿಕಿತ್ಸೆ ಮಾಡಿ ಹಾಕಿದ ಜೋಡಣೆ, ಡಯಾಲಿಸಿಸ್ ಸೂಜಿ ಚುಚ್ಚುವುದೇ ಅಲ್ಲಿ. ಅದಕ್ಕೇ ಆ ಕೈಯಲ್ಲಿ ಬಿ.ಪಿ. ನೋಡುವುದಿಲ್ಲ, ಭಾರ ಎತ್ತಿಸುವುದಿಲ್ಲ, ಬಿಗಿ ಗಡಿಯಾರ ಕಟ್ಟಿಸುವುದಿಲ್ಲ. ಪೆಟ್ಟು ಬಿದ್ದರೆ ರಕ್ತ ಒಸರಬಹುದು, ಹೆಪ್ಪುಗಟ್ಟಬಹುದು. ಕೈಯಿಟ್ಟು ನೋಡಿದರೆ ಅಲ್ಲಿ ಜುಂ ಎನ್ನುವ ಮಿಡಿತ ಸಿಗಬೇಕು. ದಿನಾ ಬೆಳಿಗ್ಗೆ ರಾತ್ರಿ ಮುಟ್ಟಿ ನೋಡಿ. ಆ ಮಿಡಿತ ಸಿಗದಿದ್ದರೆ ಮುಂದಿನ ಡಯಾಲಿಸಿಸ್‌ವರೆಗೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಬುಧವಾರದ ಊತವನ್ನು ಡಯಾಲಿಸಿಸ್ ಯೂನಿಟ್ಟಿನವರಿಗೆ ತೋರಿಸಿದ್ದೀರಾ? ಪತ್ರದಲ್ಲಿ ಬರೆದಿಲ್ಲ. ತೋರಿಸಿಲ್ಲವಾದರೆ ಇವತ್ತೇ ಫೋನ್ ಮಾಡಿ.

ಇನ್ನೊಂದು ಕೆಲಸ ಇವತ್ತು ರಾತ್ರಿಯೇ ಆಗಬೇಕು. ಕಾರನ್ನು ಮೂತಿ ಹೊರಗೆ ಬರುವಂತೆ, ರಿವರ್ಸ್‌ನಲ್ಲಿ ನಿಲ್ಲಿಸಿ. ಮೂತಿ ಒಳಗಿದ್ದಾಗ ಹಿಂದಕ್ಕೆ ತೆಗೆದರೆ ಮುಂದಿನ ಬಾಗಿಲು ಬಯಲಿಗೆ ಬರುವುದು ಕೊನೆಗೆ. ಅಷ್ಟರಲ್ಲಿ ಇಡೀ ಕಾರು ದಾರಿಗೆ ಅಡ್ಡ ಬಂದಿರುತ್ತದೆ. ಮೂತಿ ಹೊರಗಿದ್ದರೆ ಅರ್ಧಕ್ಕಿಂತ ತುಸು ಹೆಚ್ಚು ಮುಂದೆ ತಂದರೆ ಸಾಕು, ಮುಂದಿನ ಎರಡೂ ಬಾಗಿಲು ಬಯಲಿನಲ್ಲಿರುತ್ತವೆ, ಹಿಂಭಾಗ ಇನ್ನೂ ನಿಮ್ಮ ಜಾಗದಲ್ಲೇ ಇರುತ್ತದೆ. ನೀವು ಕಾರು ತೆಗೆಯುವ ತನಕ ಅಪ್ಪ ಲಿಫ್ಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿರಲಿ, ಸೆಕ್ಯೂರಿಟಿಯವರನ್ನು ಜೊತೆಗೆ ನಿಲ್ಲಿಸಿ. ಹತ್ತುವಾಗ ಬೆನ್ನು ಸೀಟಿನ ಕಡೆ ಮಾಡಿ ಮೊದಲು ಕೂರಲಿ, ಆಮೇಲೆ ಕಾಲು ಒಳಗೆ ತೆಗೆದುಕೊಳ್ಳಲಿ. ನಾನು ಇದನ್ನೆಲ್ಲ ಇಷ್ಟು ವಿವರವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. ನೆರೆಯವರ ಜೊತೆ ಮಾತು ಮುಗಿಯುವ ತನಕ ಅಪ್ಪನ ಕೈ ಕಾಯುವುದಿಲ್ಲ.

ಈಗ ಆ ಒಂದು ಗೇಣಿನ ಲೆಕ್ಕ. ಒಂದು ಕಾರಿಗೆ ನಮ್ಮಲ್ಲಿ ಸಾಮಾನ್ಯವಾಗಿ ಹಿಡಿಯುವ ಅಳತೆ ಎರಡೂವರೆ ಮೀಟರ್ ಅಗಲ, ಐದೂವರೆ ಮೀಟರ್ ಉದ್ದ. ಮಾರುತಿ 800 ಓಡಾಡುತ್ತಿದ್ದ ಕಾಲಕ್ಕೆ ಅದು ಧಾರಾಳವಾಗಿತ್ತು. ಆ ಕಾರಿನ ಅಗಲ 1,440 ಮಿಲಿಮೀಟರ್. ಇವತ್ತಿನ ಎಕ್ಸ್‌ಯುವಿ 700 ತರಹದ ಗಾಡಿಯ ಅಗಲ, ಕನ್ನಡಿ ಬಿಟ್ಟು, 1,890. ಅಂಥದ್ದನ್ನು ಗೆರೆಯ ನಟ್ಟನಡುವೆ ನಿಲ್ಲಿಸಿದರೂ ಅಕ್ಕಪಕ್ಕ ಉಳಿಯುವುದು ಒಂದೊಂದು ಅಡಿ. ನೀವು ಬರೆದಿಲ್ಲ, ಆದರೆ ಅವರ ಇನ್ನೊಂದು ಪಕ್ಕದಲ್ಲಿ ಕಂಬ ಇರಬೇಕು ಎಂದು ನನ್ನ ಊಹೆ. ರಾತ್ರಿ ಹತ್ತಕ್ಕೆ ದಣಿದು ಬಂದವರು ಕಂಬಕ್ಕೆ ಹೆದರಿ ಈಚೆಗೆ ಸರಿಯುತ್ತಾರೆ. ಅವರ ಕಣ್ಣಿಗೆ ಬೀಳುವುದು ಕಂಬ, ನಿಮ್ಮ ಅಪ್ಪನಲ್ಲ. ತಪ್ಪು ತಪ್ಪೇ, ಅದನ್ನು ಸಣ್ಣದು ಮಾಡುತ್ತಿಲ್ಲ. ಆದರೆ ಅವರು ನಾಳೆಯಿಂದ ಗೆರೆಯೊಳಗೇ ನಿಲ್ಲಿಸಿದರೂ ಎರಡು ಕಾರುಗಳ ನಡುವೆ ಉಳಿಯುವುದು ಒಂದೂವರೆ ಮೊಳ. ವ್ಯಾಗನ್ ಆರ್‌ನಂಥ 1,620 ಮಿಲಿಮೀಟರ್‌ನ ಕಾರು ನಿಮ್ಮದು ಎಂದುಕೊಂಡು ಲೆಕ್ಕ ಹಾಕಿದೆ. ಅಷ್ಟರಲ್ಲಿ ಆರೋಗ್ಯವಂತರು ಇಳಿದು ಹತ್ತಬಹುದು. ಡಯಾಲಿಸಿಸ್ ಮುಗಿಸಿ, ಬಿ.ಪಿ. ಇಳಿದು, ತಲೆ ಸುತ್ತುತ್ತಾ ಬಂದ 74ರ ಮುದುಕರಿಗೆ ಅದೂ ಸಾಲದು.

ಹಾಗಾಗಿ ನೀವು ಕೇಳಬೇಕಾಗಿರುವುದು ‘ಗೆರೆ ದಾಟಬೇಡಿ’ ಎಂಬುದಕ್ಕಿಂತ ದೊಡ್ಡದು. ವಾರದ ಮೂರು ದಿನ ಅಪ್ಪ ಹತ್ತಿ ಇಳಿಯಲು ಅವರ ಸಹಾಯ ಬೇಕು. ಆಕ್ಷೇಪಣೆ ಮಾಡಲು ಉಪಕಾರದ ನೆನಪು ಅಡ್ಡ ಬರುತ್ತದೆ, ಒಪ್ಪುತ್ತೇನೆ. ಸಹಾಯ ಕೇಳಲು ಅದು ಯಾಕೆ ಅಡ್ಡ ಬರಬೇಕು? ಆ ಮೇ ತಿಂಗಳನ್ನು ಬೆಂಗಳೂರಿನಲ್ಲಿ ಕಳೆದವರಾರೂ ಮರೆತಿಲ್ಲ. ಒಡಹುಟ್ಟಿದವರೇ ಬಾಗಿಲು ತೆರೆಯಲು ಹೆದರುತ್ತಿದ್ದಾಗ, ಉಸಿರು ಕಟ್ಟುತ್ತಿದ್ದ ಸೋಂಕಿತನನ್ನು ತನ್ನ ಪಕ್ಕದಲ್ಲಿ ಕೂರಿಸಿಕೊಂಡು ರಾತ್ರಿಯಿಡೀ ಸುತ್ತಿದ ಮನುಷ್ಯ ಅವರು. ಅಂಥವರು ಒಬ್ಬ ರೋಗಿಯ ಬಾಗಿಲಿಗೆ ಜಾಗ ಬಿಡಲು ಹಿಂದೆಮುಂದೆ ನೋಡುತ್ತಾರೆ ಎಂದು ಯಾಕೆ ಅಂದುಕೊಂಡಿದ್ದೀರಿ? ನೀವು ಸುಮ್ಮನಿದ್ದು ಅವರ ಒಳ್ಳೆಯತನವನ್ನು ಕಾಪಾಡುತ್ತಿಲ್ಲ. ದಿನಾ ಐದೂವರೆಗೆ ಆ ಗಾಡಿಯ ಮುಂದೆ ನಿಂತು ಅವರನ್ನು ಮನಸ್ಸಿನಲ್ಲೇ ಬೈದು ಬೈದು, ಆ ರಾತ್ರಿಯ ನೆನಪೇ ಕಹಿಯಾಗುತ್ತಿದೆ. ನಿಮ್ಮ ಪತ್ರದಲ್ಲೇ ನೋಡಿ, ‘ಇದೇ ಮನುಷ್ಯ’ ಎಂದು ಬರೆದಿದ್ದೀರಿ.

ನಾನು ಇದನ್ನು ಅನುಭವಿಸಿದ್ದೇನೆ. ಹಿಂದೆ ನಾವಿದ್ದ ಮನೆಯಲ್ಲಿ ಕೆಳಗಿನ ಮನೆಯಾಕೆ ನನ್ನ ಬಾಣಂತನದಲ್ಲಿ ಮೂರು ತಿಂಗಳು ದಿನಾ ಸಾರು ಮಾಡಿ ಕಳಿಸಿದವರು. ಅವರ ಮಗ ತನ್ನ ಬೈಕನ್ನು ನಮ್ಮ ಮೆಟ್ಟಿಲ ಬುಡಕ್ಕೇ ನಿಲ್ಲಿಸುತ್ತಿದ್ದ, ಮಗುವನ್ನು ಎತ್ತಿಕೊಂಡು ಇಳಿಯುವಾಗ ಸೈಲೆನ್ಸರ್ ಕಾಲಿಗೆ ತಾಗುತ್ತಿತ್ತು. ಸಾರು ಉಂಡ ಬಾಯಲ್ಲಿ ಹೇಗೆ ಹೇಳುವುದು ಎಂದು ಎರಡು ವರ್ಷ ನುಂಗಿಕೊಂಡೆ. ಕೊನೆಗೆ ಒಂದು ದಿನ, ಬೈಕಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ, ನೀರಿನ ಬಿಲ್ಲಿನ ವಿಚಾರಕ್ಕೆ ಗಂಟಲು ಹರಿದುಕೊಂಡು ಕೂಗಿದೆ. ಬೈಕೂ ಬಂತು, ಮಗನ ನಡತೆಯೂ ಬಂತು, ಆಡಬಾರದ್ದೆಲ್ಲ ಆಡಿದೆ. ಆಕೆ ತಿರುಗಿ ಬೈಯಲಿಲ್ಲ. ‘ಎರಡು ವರ್ಷದಿಂದ ಯಾಕಮ್ಮ ಹೇಳ್ಲಿಲ್ಲ?’ ಎಂದಷ್ಟೇ ಕೇಳಿದರು. ಆಮೇಲೆ ಅವರು ಮನೆ ಬದಲಾಯಿಸಿದರು. ಆ ಪ್ರಶ್ನೆಗೆ ನನ್ನಲ್ಲಿ ಆಗಲೂ ಉತ್ತರವಿರಲಿಲ್ಲ, ಈಗಲೂ ಇಲ್ಲ.

ನಿಮ್ಮ ಪತ್ರದ ಕೊನೆಯ ಸಾಲನ್ನು ನಾನು ನಾಲ್ಕು ಸಲ ಓದಿದೆ. ಗೆರೆ ದಾಟಿದ ಗಾಡಿಗಿಂತ ನಿಮಗೆ ಹೆಚ್ಚು ನೋಯುತ್ತಿರುವುದು ಅದೇ ಇರಬೇಕು. ‘ನನ್ನ ಅಪ್ಪನಾದ್ದರಿಂದ ಇವರಿಗೆ ತಟ್ಟುತ್ತಿಲ್ಲ’ ಎಂಬ ಅನುಮಾನ. ಅದು ನಿಜವೋ ಸುಳ್ಳೋ ಹೇಳಲು ನಾನು ನಿಮ್ಮ ಮನೆಯೊಳಗಿಲ್ಲ. ಆದರೆ ಒಂದು ಮಾತು ಗಮನಿಸಿ. ಐದೂವರೆಗೆ ಬೇಸ್‌ಮೆಂಟಿನಲ್ಲಿರುವವರು ನೀವು ಮತ್ತು ಅಪ್ಪ. ನಿಮ್ಮವರು ಆ ಬಾಗಿಲು ಅರ್ಧ ತೆರೆಯುವುದನ್ನು, ಅಪ್ಪ ಕೈ ಎದೆಗೆ ಅವುಚಿಕೊಂಡು ನುಸುಳುವುದನ್ನು ಒಮ್ಮೆಯಾದರೂ ಕಣ್ಣಾರೆ ಕಂಡಿದ್ದಾರೆಯೇ? ಅವರಿಗೆ ಗೊತ್ತಿರುವುದು ನಿಮ್ಮ ದೂರು, ಅಷ್ಟೇ. ಸೋಮವಾರ ಬೆಳಿಗ್ಗೆ ಅವರನ್ನು ಎಬ್ಬಿಸಿ. ‘ನೀವು ಬಂದು ಅಪ್ಪನ್ನ ಕೂರಿಸಿ, ನಾನು ಸ್ಟಿಯರಿಂಗ್ ಹಿಡಿದಿರ್ತೀನಿ’ ಅನ್ನಿ. ಅವತ್ತೊಂದು ದಿನ ಕಾರು ಈಗ ಹೇಗೆ ನಿಲ್ಲುತ್ತದೋ ಹಾಗೇ ಇರಲಿ. ಬಾಗಿಲು ಎಷ್ಟು ತೆರೆಯುತ್ತದೆ ಎಂದು ಅವರು ತೆಗೆದು ನೋಡಲಿ, ಆಮೇಲೆ ಕಾರನ್ನು ಬಯಲಿಗೆ ತಂದೇ ಅಪ್ಪನನ್ನು ಹತ್ತಿಸಿ. ಮಾವ, ಅಪ್ಪ ಎಂಬ ಹೋಲಿಕೆಯ ಮಾತನ್ನು ಅಲ್ಲಿ ಆಡಬೇಡಿ. ಅದನ್ನು ಬೇರೆ ದಿನ, ಮನೆಯಲ್ಲಿ, ಸಿಟ್ಟಿಲ್ಲದಾಗ ಹೇಳಿ. ಹೇಳದೆ ಮಾತ್ರ ಇರಬೇಡಿ, ಅದೂ ಬೈಕಿನ ಹಾಗೆಯೇ ಒಳಗೆ ಕೂತುಬಿಡುತ್ತದೆ.

ನೆರೆಯವರ ಹತ್ತಿರ ಹೋಗಿ ಮಾತಾಡಬೇಕಾದವರು ನಿಮ್ಮ ಗಂಡನೇ. ಪ್ರಾಣದ ಋಣ ಅವರದು, ಅದರ ಹೆಸರೆತ್ತಿ ಮಾತು ಶುರು ಮಾಡುವ ಹಕ್ಕೂ ಅವರದೇ. ನೀವು ಹೋದರೆ ಅದು ಪಾರ್ಕಿಂಗ್ ದೂರಾಗುತ್ತದೆ. ಭಾನುವಾರ ಹನ್ನೊಂದರ ಹೊತ್ತಿಗೆ, ತಿಂಡಿ ಮುಗಿದ ಮೇಲೆ ಹೋಗಲಿ. ಬೇಸ್‌ಮೆಂಟಿನಲ್ಲಿ ಎದುರಾದಾಗ ಬೇಡ, ಕಾರಿನ ಪಕ್ಕ ನಿಂತರೆ ಯಾರಿಗಾದರೂ ದನಿ ಏರುತ್ತದೆ. ನಾನಾಗಿದ್ದರೆ ಹೀಗೆ ಹೇಳುತ್ತಿದ್ದೆ: ‘ಅವತ್ತು ರಾತ್ರಿ ನೀವು ಮಾಡಿದ್ದನ್ನ ನಾನು ಸಾಯೋತನಕ ಮರೆಯಲ್ಲ. ಅದಕ್ಕೇ ಇದನ್ನ ಹೇಳಕ್ಕೆ ಇಷ್ಟು ದಿನ ಸಂಕೋಚ ಆಯ್ತು. ನಮ್ಮ ಮಾವನವರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಎಡಗೈ ತಗುಲಬಾರದು. ಒಂದು ಸಲ ಕೆಳಗೆ ಬಂದು ನೋಡ್ತೀರಾ, ಇಬ್ರೂ ಸೇರಿ ಏನಾದ್ರೂ ದಾರಿ ಹುಡುಕೋಣ.’ ಫೋಟೋ ತೋರಿಸುವುದು ಬೇಡ, ಅದು ಸಾಕ್ಷಿ ಹೇಳಿದಂತಾಗುತ್ತದೆ. ಕೆಳಗೆ ಕರೆದುಕೊಂಡು ಹೋಗಿ ಬಾಗಿಲು ತೆರೆದು ತೋರಿಸಲಿ. ಜೊತೆಗೆ, ಅವರಿಗೆ ಕಂಬದ ಕಷ್ಟವಿದ್ದರೆ ಅದನ್ನು ಇವರೇ ಮೊದಲು ಎತ್ತಲಿ. ಕಂಬಕ್ಕೆ ರಬ್ಬರ್ ಪಟ್ಟಿ ಹಾಕಿಸಿದರೆ ಗೀರು ಬೀಳುವ ಭಯ ಎಷ್ಟೋ ಕಡಿಮೆಯಾಗುತ್ತದೆ. ಅದರ ಖರ್ಚು ನೀವೇ ಕೊಡಿ.

ಅವರು ಗೆರೆಯೊಳಗೆ ನಿಲ್ಲಿಸಲು ಒಪ್ಪಿದ ಮೇಲೂ ಜಾಗ ಸಾಲದು ಎಂದೆನಲ್ಲ, ಅದಕ್ಕೆ ಅಸೋಸಿಯೇಷನ್ ಬೇಕು. ಲಿಫ್ಟಿನ ಹತ್ತಿರ ಅಥವಾ ಗೇಟಿನ ಬಳಿ ಬಯಲಿನಲ್ಲಿರುವ ಒಂದು ವಿಸಿಟರ್ ಜಾಗವನ್ನು ಭಾನುವಾರ, ಮಂಗಳವಾರ, ಗುರುವಾರ ರಾತ್ರಿಯಿಂದ ಮರುದಿನ ಅಪ್ಪ ವಾಪಸಾಗುವ ತನಕ ನಿಮಗೆ ಬಿಟ್ಟುಕೊಡಲಿ ಎಂದು ಬರವಣಿಗೆಯಲ್ಲಿ ಕೇಳಿ, ಡಾಕ್ಟರ ಚೀಟಿ ಲಗತ್ತಿಸಿ. ಕಮಿಟಿಯಲ್ಲಿ ಯಾರಾದರೂ ‘ಆ ಜಾಗ ಬಿಲ್ಡರ್ ಇನ್ಯಾರಿಗೋ ಮಾರಿದ್ದಾನೆ’ ಅನ್ನಬಹುದು. 2010ರಲ್ಲಿ ಮುಂಬೈಯ ಸೊಸೈಟಿಯೊಂದರ ಪ್ರಕರಣದಲ್ಲಿ, ಮಹಾರಾಷ್ಟ್ರದ ಕಾಯ್ದೆಯಡಿ, ಸ್ಟಿಲ್ಟ್ ಪಾರ್ಕಿಂಗನ್ನು, ಅಂದರೆ ಕಟ್ಟಡದ ಕೆಳಗೆ ಕಂಬಗಳ ನಡುವಿನ ಕಾರಿನ ಜಾಗವನ್ನು, ಬಿಲ್ಡರ್ ಫ್ಲ್ಯಾಟಿನಂತೆ ಬೇರೆಯಾಗಿ ಮಾರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಬಯಲು ಪಾರ್ಕಿಂಗನ್ನು ಎಲ್ಲರಿಗೂ ಸೇರಿದ ಜಾಗವೆಂದೇ ಎಣಿಸುತ್ತದೆ. ನಿಮ್ಮ ಸೇಲ್ ಡೀಡಿನ ಷೆಡ್ಯೂಲಿನಲ್ಲಿ, ಬೈಲಾದಲ್ಲಿ ಪಾರ್ಕಿಂಗ್ ಬಗ್ಗೆ ಏನಿದೆ ಎಂದು ಒಮ್ಮೆ ಓದಿಟ್ಟುಕೊಳ್ಳಿ. 48 ಮನೆಯಲ್ಲಿ ನಿಮ್ಮೊಬ್ಬರದೇ ಈ ಕಷ್ಟವಿರಲಾರದು. ವಾಕರ್ ಹಿಡಿದವರು, ಬಸುರಿಯರು, ಮಂಡಿ ಆಪರೇಷನ್ ಆದವರು ಇದ್ದೇ ಇರುತ್ತಾರೆ. ಅವರಿಗೂ ಸೇರಿಸಿಯೇ ಕೇಳಿದರೆ ಕಮಿಟಿಗೆ ಇಲ್ಲವೆನ್ನುವುದು ಕಷ್ಟ.

ಮಗನನ್ನು ತಡೆಯಿರಿ. ತಾತನ ನೋವು ನೋಡಲಾಗದೆ ಹಾಗೆ ಮಾತಾಡುತ್ತಿದ್ದಾನೆ, ಅದಕ್ಕಾಗಿ ಅವನನ್ನು ಗದರಬೇಡಿ. ಆದರೆ ಚಕ್ರದ ಗಾಳಿ ಬಿಡುವುದು ಪರರ ಸ್ವತ್ತಿಗೆ ಮಾಡುವ ಹಾನಿ, ಕೇಸಾಗಬಲ್ಲ ಸಂಗತಿ. ಬೇಸ್‌ಮೆಂಟಿನಲ್ಲಿ ಸಿಸಿಟಿವಿಯೂ ಇದ್ದೀತು. ವಾಟ್ಸ್‌ಆ್ಯಪ್ ಗುಂಪು ಅದಕ್ಕಿಂತ ಕೆಟ್ಟದ್ದು ಅನ್ನುತ್ತೇನೆ. 48 ಮನೆಯವರ ಮುಂದೆ ಫೋಟೋ ಬಿದ್ದ ಮೇಲೆ ಆ ಮನುಷ್ಯ ತನ್ನನ್ನು ಸಮರ್ಥಿಸಿಕೊಳ್ಳಲೇಬೇಕಾಗುತ್ತದೆ. ಹೆಬ್ಬೆಟ್ಟು ಒತ್ತುವವರು ಒತ್ತುತ್ತಾರೆ, ಹಳೆಯ ಲೆಕ್ಕ ತೆಗೆಯುವವರು ತೆಗೆಯುತ್ತಾರೆ. ಆಮೇಲೆ ಅವರು ಗಾಡಿ ಸರಿಸಿದರೂ ನಿಮ್ಮ ಮುಖ ನೋಡಲಾರರು. ಹುಡುಗನಿಗೆ ಬೇರೆ ಕೆಲಸ ಕೊಡಿ. ವಾರದಲ್ಲಿ ಒಂದು ದಿನವಾದರೂ ಐದೂವರೆಗೆ ಅವನೇ ತಾತನ ಜೊತೆ ಲಿಫ್ಟಿನ ಹತ್ತಿರ ನಿಲ್ಲಲಿ.

ಒಂದು ವೇಳೆ ಮಾತಾಡಿ, ತೋರಿಸಿ, ಎರಡು ವಾರ ಕಾದ ಮೇಲೂ ಚಕ್ರ ಗೆರೆ ದಾಟಿಯೇ ಇದ್ದರೆ ಅಸೋಸಿಯೇಷನ್‌ಗೆ ಲಿಖಿತ ದೂರು ಕೊಡಿ. ಆಗ ಗಂಡ ‘ಬೇಡ’ ಅಂದರೂ ಕೊಡಿ. ನಿಮ್ಮವರು ತಮ್ಮ ಋಣಕ್ಕೆ ತಮ್ಮ ಕೈಲಾದದ್ದು ಕೊಡಬಹುದು. ನಿಮ್ಮ ಅಪ್ಪನ ಎಡಗೈಯನ್ನು ಕೊಡಲು ಬರುವುದಿಲ್ಲ.

ಊತ ಇಳಿಯಿತೇ, ಮಿಡಿತ ಸಿಗುತ್ತಿದೆಯೇ ಎಂದು ಎರಡು ಸಾಲು ಬರೆದು ಕಳಿಸಿ. ಭಾನುವಾರದ ಮಾತು ಏನಾಯಿತೆಂಬುದನ್ನು ನಿಧಾನವಾಗಿ ಬರೆದರೂ ಆದೀತು.