ಪಿ 0700 ಬಂದ ಮಾತ್ರಕ್ಕೆ ಗೇರ್‌ಬಾಕ್ಸ್ ಹೋಯಿತು ಅಂತಲ್ಲ

ಪ್ರಶ್ನೆ: ಎಂಟು ವರ್ಷ ಹಳೆಯ ಆಟೊಮ್ಯಾಟಿಕ್ ಕಾರು ತಗೊಂಡಿದ್ದೇನೆ. ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ಆಯಿಲ್ ಮೂಲಕ ಎಂಜಿನ್ ಶಕ್ತಿ ದಾಟಿಸುವ ಬಗೆ), ಆರು ಗೇರು. ಹೋದ ವಾರ ಹುಬ್ಬಳ್ಳಿಯಿಂದ ಬರುವಾಗ ಅಣ್ಣಿಗೇರಿ ದಾಟಿದ ಮೇಲೆ ಎಂಜಿನ್ ಲೈಟ್ ಹತ್ತಿತು. ಆಮೇಲೆ ಗಾಡಿ ಮೂರನೇ ಗೇರು ಬಿಟ್ಟು ಅಲುಗಲಿಲ್ಲ. ಆಫ್ ಮಾಡಿ ಚಾಲೂ ಮಾಡಿದರೆ ಸ್ವಲ್ಪ ದೂರ ಸರಿ ಓಡುತ್ತದೆ, ಮತ್ತೆ ಅದೇ ಕಥೆ. ಫೋನಿಗೆ ಜೋಡಿಸುವ ಸಣ್ಣ ಸ್ಕ್ಯಾನರ್‌ನಲ್ಲಿ ಪಿ 0700 ಅನ್ನುವ ಕೋಡ್ ಬರುತ್ತಿದೆ. ಗ್ಯಾರೇಜಿನವರು ಗೇರ್‌ಬಾಕ್ಸೇ ಬದಲಿಸಬೇಕು, ಒಂದೂವರೆ ಲಕ್ಷ ಅಂತಾರೆ. ಏನು ಮಾಡಲಿ?
– ಒಬ್ಬ ಓದುಗರು, ಗದಗ

ಉತ್ತರ: ಮೊದಲು ಆ ಒಂದೂವರೆ ಲಕ್ಷ ಕಿಸೆಯಲ್ಲೇ ಇರಲಿ. ಪಿ 0700 ಒಂದನ್ನೇ ನೋಡಿ ಗೇರ್‌ಬಾಕ್ಸ್ ಹೋಗಿದೆ ಅಂತ ಹೇಳಲು ಯಾರಿಗೂ ಬರುವುದಿಲ್ಲ. ಎಂಜಿನ್‌ಗೆ ಒಂದು ಕಂಪ್ಯೂಟರ್, ಗೇರ್‌ಬಾಕ್ಸ್‌ಗೆ ಇನ್ನೊಂದು ಇರುತ್ತದೆ (ಕೆಲವು ಗಾಡಿಗಳಲ್ಲಿ ಎರಡೂ ಒಂದೇ ಡಬ್ಬಿಯಲ್ಲಿ). ಗೇರ್‌ಬಾಕ್ಸ್‌ನದ್ದು ಏನೋ ತಪ್ಪು ಕಂಡಾಗ ತನ್ನಲ್ಲಿ ಒಂದು ಕೋಡ್ ಬರೆದಿಟ್ಟುಕೊಂಡು ಎಂಜಿನ್‌ನದಕ್ಕೆ 'ಲೈಟ್ ಹಚ್ಚಪ್ಪಾ' ಅನ್ನುತ್ತದೆ. ಪಿ 0700 ಅಂದರೆ ಇಷ್ಟೇ. ನಿಜವಾದ ಕೋಡ್ ಗೇರ್‌ಬಾಕ್ಸ್ ಕಂಪ್ಯೂಟರ್‌ನ ಒಳಗೆ ಕೂತಿದೆ, ಅಗ್ಗದ ಸ್ಕ್ಯಾನರ್‌ಗಳಲ್ಲಿ ಬಹಳಷ್ಟು ಅಲ್ಲಿಯವರೆಗೆ ಹೋಗುವುದೇ ಇಲ್ಲ. ಗೇರ್‌ಬಾಕ್ಸ್ ಮಾಡ್ಯೂಲ್ ಓದುವ ಸ್ಕ್ಯಾನರ್ ಇರುವ ಕಡೆ ಹೋಗಿ. ಕೋಡ್ ಜೊತೆ ಫ್ರೀಜ್ ಫ್ರೇಮ್ ಕೂಡ ಬರೆಸಿಕೊಳ್ಳಿ, ಅಂದರೆ ತಪ್ಪು ಕಂಡ ಹೊತ್ತಿನಲ್ಲಿ ಸ್ಪೀಡ್ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿ ಇತ್ತು ಅನ್ನುವ ಲೆಕ್ಕ. ಅದಾಗುವವರೆಗೆ ಯಾರಿಗೂ ಕೋಡ್ ಅಳಿಸಲು ಬಿಡಬೇಡಿ, ಅಳಿಸಿದರೆ ಈ ಲೆಕ್ಕವೂ ಹೋಗುತ್ತದೆ.

ಮೂರನೇ ಗೇರಿನಲ್ಲಿ ನಿಂತದ್ದು ಲಿಂಪ್ ಮೋಡ್. ಇನ್ನಷ್ಟು ಕೆಡದಿರಲಿ ಅಂತ ಗಾಡಿ ತಾನೇ ಒಂದು ಗೇರು ಹಿಡಿದು ಕೂರುತ್ತದೆ. ಆಫ್ ಮಾಡಿದಾಗ ಮರೆಯುತ್ತದೆ, ಅದೇ ತಪ್ಪು ಮತ್ತೆ ಕಂಡರೆ ಮತ್ತೆ ಹಿಡಿಯುತ್ತದೆ.

ಈಗ ಕೋಡ್ ಓದುವ ವಿಷಯ. ಎಷ್ಟೋ ಜನ ಎಡವುವುದು ಇಲ್ಲೇ. ಕೋಡ್ ಹೇಳುವುದು ಎಲ್ಲಿ ಹುಡುಕಬೇಕು ಅಂತ, ಯಾವ ಸಾಮಾನು ಬದಲಿಸಬೇಕು ಅಂತಲ್ಲ. ಪಿ 0751 ಮತ್ತು ಪಿ 0753 ತಗೊಳ್ಳಿ. ಎರಡೂ ಶಿಫ್ಟ್ ಸೊಲೆನಾಯ್ಡ್ 'ಎ' ಬಗ್ಗೆಯೇ (ಗೇರು ಬದಲಿಸಲು ಕರೆಂಟಿನಿಂದ ಆಯಿಲ್ ದಾರಿ ತೆರೆದು ಮುಚ್ಚುವ ವಾಲ್ವ್). ಆದರೆ 0753 ಕರೆಂಟಿನ ದೂರು: ವೈರು, ಕನೆಕ್ಟರ್, ಕಾಯಿಲ್. 0751ರಲ್ಲಿ ಕರೆಂಟ್ ಸರಿ ಇದೆ, ಆದರೆ ಕೆಲಸ ಆಗುತ್ತಿಲ್ಲ: ಆಯಿಲ್ ಹೊಲಸಾಗಿರಬಹುದು, ವಾಲ್ವ್ ಸಿಕ್ಕಿಕೊಂಡಿರಬಹುದು. ಪಿ 0715 ಒಳಬರುವ ಶಾಫ್ಟ್‌ನ ವೇಗದ ಸೆನ್ಸರ್ ಸರ್ಕ್ಯೂಟ್, ಪಿ 0720 ಹೊರಹೋಗುವುದರದ್ದು. ಈ ಎರಡು ವೇಗಗಳನ್ನು ಭಾಗಿಸಿಯೇ ಕಂಪ್ಯೂಟರ್ ಯಾವ ಗೇರು ಬಿದ್ದಿದೆ ಅಂತ ತಿಳಿಯುತ್ತದೆ. ಲೆಕ್ಕ ತಾಳೆಯಾಗದಿದ್ದರೆ ಪಿ 0731ರಿಂದ 0735, ಒಂದರಿಂದ ಐದನೇ ಗೇರಿನವರೆಗೆ. ಸೆನ್ಸರ್ ಕೋಡ್ ಮತ್ತು ಗೇರ್ ಕೋಡ್ ಎರಡೂ ಒಟ್ಟಿಗೆ ಬಂದಿದ್ದರೆ ಮೊದಲು ಸೆನ್ಸರ್ ನೋಡಿಸಿ, ಸುಳ್ಳು ವೇಗ ಹೇಳುತ್ತಿದ್ದರೆ ಲೆಕ್ಕ ತಪ್ಪಲೇಬೇಕಲ್ವಾ?

ನಾನೂ ಒಮ್ಮೆ ದಂಡ ತೆತ್ತಿದ್ದೇನೆ. ನವಲಗುಂದದ ಕಡೆ ಹೊಲದ ದಾರಿಯಲ್ಲಿ ಓಡಾಡಿ ಬಂದ ಗಾಡಿ, 0753 ಬಂತು, ಹಿಂದೆ ಮುಂದೆ ನೋಡದೆ ಸೊಲೆನಾಯ್ಡ್ ಹಾಕಿಸಿದೆ. ಮೂರನೇ ದಿನ ಅದೇ ಕೋಡ್. ಕೊನೆಗೆ ಗೇರ್‌ಬಾಕ್ಸ್ ಪಕ್ಕದ ದೊಡ್ಡ ಕನೆಕ್ಟರ್ ಕಿತ್ತು ನೋಡಿದರೆ, ಲಾಕ್ ಸಂದಿಯಲ್ಲಿ ಎರೆ ಮಣ್ಣು ಒಣಗಿ ಕಲ್ಲಾಗಿತ್ತು, ರಬ್ಬರ್ ಸೀಲ್ ಸರಿಯಾಗಿ ಕೂತಿರಲಿಲ್ಲ, ಒಳಗೆ ನೀರು ಇಳಿದು ಒಂದೇ ಒಂದು ಪಿನ್ ಹಸಿರುಗಟ್ಟಿತ್ತು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ, ಸೀಲ್ ಬದಲಿಸಿದೆ. ಅಷ್ಟೇ ಆಗಿತ್ತು ಕೆಲಸ. ಕಿತ್ತ ಹಳೇ ಸೊಲೆನಾಯ್ಡ್ ಇನ್ನೂ ನನ್ನ ಮೇಜಿನ ಮೇಲಿದೆ, ಪೇಪರ್ ಹಾರದಂತೆ ಇಡಲು ಬೇಕಾಗುತ್ತದೆ.

ಅದಕ್ಕೇ ನೀವು ಮೊದಲು ಬ್ಯಾಟರಿ ನೋಡಿಸಿ. ಬಂದ್ ಇದ್ದಾಗ 12.6 ವೋಲ್ಟ್ ಆಸುಪಾಸು, ಚಾಲೂ ಇದ್ದಾಗ 13.5ರಿಂದ 14.5. ಬ್ಯಾಟರಿ ಸೋತಿದ್ದರೂ ಗೇರ್‌ಬಾಕ್ಸ್ ಕಂಪ್ಯೂಟರ್ ಇಲ್ಲದ ದೂರು ಹೇಳುತ್ತದೆ. ಆಮೇಲೆ ಕನೆಕ್ಟರ್. ಆಮೇಲೆ ಆಯಿಲ್. ಡಿಪ್‌ಸ್ಟಿಕ್ ಇರುವ ಹಲವು ಗಾಡಿಗಳಲ್ಲಿ ಸಪಾಟು ಜಾಗದಲ್ಲಿ, ಗಾಡಿ ಬಿಸಿಯಾದ ಮೇಲೆ, ಎಂಜಿನ್ ಚಾಲೂ ಇಟ್ಟೇ ನೋಡಬೇಕು. ಡಿಪ್‌ಸ್ಟಿಕ್ಕೇ ಇಲ್ಲದ್ದರಲ್ಲಿ ಕಂಪನಿ ಹೇಳಿದ ಉಷ್ಣಾಂಶಕ್ಕೆ ತಂದು ಕೆಳಗಿನ ಪ್ಲಗ್ ಬಿಚ್ಚಿ ನೋಡುತ್ತಾರೆ, ಅದನ್ನು ಗೊತ್ತಿದ್ದವರ ಕೈಲೇ ಮಾಡಿಸಿ. ಬೆರಳಿಗೆ ಹಚ್ಚಿ ಮೂಸಿ ನೋಡಿ. ಕಪ್ಪಾಗಿ ಸುಟ್ಟ ವಾಸನೆ ಬಂದು, ಪ್ಯಾನ್ ಇಳಿಸಿದಾಗ ಕಪ್ಪು ಪುಡಿ, ಲೋಹದ ಚೂರು ಸಿಕ್ಕರೆ ಒಳಗಿನ ಕ್ಲಚ್ ಸವೆದಿದೆ. ಆಗ ಗ್ಯಾರೇಜಿನವರ ಮಾತು ಕೇಳೋಣ. ಎಳೆಸಿಕೊಂಡು ಹೋಗಬೇಕಾಗಿ ಬಂದರೆ ಫ್ಲಾಟ್‌ಬೆಡ್ ಲಾರಿಯನ್ನೇ ಕರೆಸಿ, ಹಗ್ಗ ಕಟ್ಟಿಸಬೇಡಿ.

ಪ್ರಶ್ನೆ: ನನ್ನದು ಎಎಂಟಿ ಕಾರು. ಬೆಳಿಗ್ಗೆ 'ಎನ್' ಮಿನುಗುತ್ತದೆ, ಗೇರು ಬೀಳುವುದಿಲ್ಲ. ಆಟೊಮ್ಯಾಟಿಕ್ ಆಯಿಲ್ ಬದಲಿಸಲೇ?
– ಒಬ್ಬ ಓದುಗರು, ಹಾವೇರಿ

ಉತ್ತರ: ಬೇಡ. ಎಎಂಟಿ ಅಂದರೆ ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತುವ, ಗೇರು ಬದಲಿಸುವ ಕೆಲಸ ಮಾತ್ರ ಯಂತ್ರದ್ದು. ನಿಮ್ಮಲ್ಲಿ ಟಾರ್ಕ್ ಕನ್ವರ್ಟರ್ ಇಲ್ಲ. ಮನೆಯವರನ್ನು ಯಾರನ್ನಾದರೂ ಹಿಂದೆ ನಿಲ್ಲಿಸಿ ಬ್ರೇಕ್ ತುಳಿಯಿರಿ. ಬ್ರೇಕ್ ಲೈಟ್ ಹತ್ತದಿದ್ದರೆ ಪೆಡಲ್ ಸ್ವಿಚ್ ಹೋಗಿರಬಹುದು, ಬ್ರೇಕ್ ತುಳಿದದ್ದು ಗೊತ್ತಾಗದೆ ಗಾಡಿ ಗೇರು ಹಾಕುವುದಿಲ್ಲ. ಲೈಟ್ ಹತ್ತಿದರೆ ಬ್ಯಾಟರಿ ನೋಡಿಸಿ. ಇತ್ತೀಚೆಗೆ ಕ್ಲಚ್ ಬದಲಿಸಿದ್ದರೆ ಸ್ಕ್ಯಾನರ್‌ನಿಂದ ಹೊಸ ಕ್ಲಚ್ ಕಲಿಸುವ ಕೆಲಸ ಮಾಡಿದರೋ ಕೇಳಿ, ಬಹಳ ಸಲ ಮರೆತಿರುತ್ತಾರೆ.

ಪ್ರಶ್ನೆ: ಹಳೇ ಗಾಡಿ ಮಾರುವವರು ಕೋಡ್ ಅಳಿಸಿ ತೋರಿಸಿದರೆ ಗೊತ್ತಾಗುತ್ತದೆಯೇ?
– ಒಬ್ಬ ಓದುಗರು, ಧಾರವಾಡ

ಉತ್ತರ: ಸ್ಕ್ಯಾನರ್‌ನಲ್ಲಿ ರೆಡಿನೆಸ್ ಮಾನಿಟರ್ ಪುಟ ತೆರೆಯಿರಿ, ಗಾಡಿ ತನ್ನನ್ನು ತಾನೇ ಪರೀಕ್ಷಿಸಿಕೊಂಡು ಮುಗಿಸಿದೆಯೋ ಇಲ್ಲವೋ ಅಂತ ಅದು ತೋರಿಸುತ್ತದೆ. ಅಲ್ಲಿ ಸಾಲಾಗಿ 'ನಾಟ್ ರೆಡಿ' ಇದ್ದರೆ ಈಚೆಗೆ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಕಿತ್ತಿದ್ದಾರೆ. ಅಡ್ವಾನ್ಸ್ ಕೊಡುವ ಮೊದಲು ಬೈಪಾಸ್‌ನಲ್ಲಿ ಒಂದು ಅರ್ಧ ತಾಸು ಓಡಿಸಿ, ಮತ್ತೆ ಓದಿಸಿ.