ನಮ್ಮಲ್ಲಿ ಒಪ್ಪು ಅಂದರೆ ಸಹಿ

ಕಾಸರಗೋಡಿಗೆ ವರ್ಗವಾಗಿ ಬರ್ತಿದ್ದೀರಿ, ಮನೆ ಬಾಡಿಗೆಯ ಕರಾರು ಯಾವ ಭಾಷೆಯಲ್ಲಿರುತ್ತದೆ, ಸಹಿ ಹಾಕುವ ಮುಂಚೆ ಎಂತ ನೋಡಬೇಕು ಅಂತ ಕೇಳಿದ್ದೀರಿ. ಒಂದೇ ಮಾತಿನಲ್ಲಿ ಹೇಳುವುದಾದರೆ ಹೆಚ್ಚಾಗಿ ಮಲಯಾಳದಲ್ಲಿ, ಕೆಲವೊಮ್ಮೆ ಇಂಗ್ಲಿಷಿನಲ್ಲಿ, ನೀವು ಕೇಳಿದರೆ ಕನ್ನಡದಲ್ಲೂ. ಆದರೆ ಅಷ್ಟಕ್ಕೇ ಬಿಟ್ಟರೆ ನೀವು ಸಿಕ್ಕಿಬೀಳ್ತೀರಿ.

ಕರಾರು ಬರೆಯುವವರು ಕಾಗದ ಮುಂದಿಟ್ಟು "ಇವಿಡೆ ಒಪ್ಪಿಟ್ಟೋಳು" ಅನ್ನುತ್ತಾರೆ. ಮಲಯಾಳದಲ್ಲಿ ಒಪ್ಪು ಅಂದರೆ ಸಹಿ, ಅಷ್ಟೇ. ಒಪ್ಪಿದ್ದೀರಾ ಅಂತ ಅವರು ಕೇಳ್ತಾ ಇಲ್ಲ. ಇಲ್ಲಿ ಸಹಿ ಹಾಕಿ ಅಂತಿದ್ದಾರೆ. ಕನ್ನಡ ಕಿವಿಗೆ ಮಾತ್ರ ಅದು ಒಪ್ಪಿಗೆಯ ಹಾಗೇ ಕೇಳುತ್ತದೆ. ಒಪ್ಪಿಗೆಗೆ ಅವರದ್ದು ಬೇರೆ ಶಬ್ದ ಉಂಟು, ಸಮ್ಮತಂ.

ಇಂಥವು ಇನ್ನೂ ಇವೆ. "ಆಧಾರಂ ಉಂಟಾ" ಅಂತ ಕೇಳಿದರೆ ಆಧಾರ್ ಕಾರ್ಡ್ ತೆಗೆದು ಕೊಡಬೇಡಿ. ಅದು ಆಸ್ತಿಯ ದಸ್ತಾವೇಜು. ಪಾಟ್ಟಂ ಅಂದರೆ ಗೇಣಿ, ಪಟ್ಟಯಂ ಅಂದರೆ ಹಕ್ಕುಪತ್ರ. ಎರಡೂ ಕೇಳಲಿಕ್ಕೆ ಹೆಚ್ಚುಕಡಿಮೆ ಒಂದೇ, ಆದರೆ ಒಂದರಲ್ಲಿ ನೀವು ಒಕ್ಕಲು, ಇನ್ನೊಂದರಲ್ಲಿ ಧಣಿ.

ನನ್ನದೇ ಕಥೆ ಹೇಳ್ತೇನೆ. ಕೆಲವು ವರ್ಷದ ಹಿಂದೆ ನಾನೊಂದು ಜೆರಾಕ್ಸ್ ಅಂಗಡಿ ಹಾಕಲು ಹೊರಟೆ. ರೂಮು ಸಿಕ್ಕಿತು, ಬಾಡಿಗೆ ಮಾತಾಯಿತು, ಅಡ್ವಾನ್ಸೂ ಕೊಟ್ಟೆ. ಪಂಚಾಯತ್ ಲೈಸೆನ್ಸಿಗೆ ಕಟ್ಟಡದ ಮಾಲೀಕರ ಸಮ್ಮತಪತ್ರ ಬೇಕು ಅಂದರು. ಕಟ್ಟಡ ನಾಲ್ಕು ಜನ ಒಡಹುಟ್ಟಿದವರ ಹೆಸರಿನಲ್ಲಿತ್ತು. ಮೂವರು ಎರಡೇ ದಿನದಲ್ಲಿ ಸಹಿ ಹಾಕಿದರು. ದೊಡ್ಡಕ್ಕನಿಗೆ ಎಂಬತ್ತು ದಾಟಿತ್ತು. ಮಜ್ಜಿಗೆ ಕೊಟ್ಟರು, ಕಾಗದ ಮಾತ್ರ ಮುಟ್ಟಲಿಲ್ಲ. "ಬಾಡಿಗೆಗೆ ಕೊಟ್ಟದ್ದು ಹೌದು ಮಗಾ. ರುಜು ಹಾಕ್ಲಿಕ್ಕಿಲ್ಲ. ಅಪ್ಪ ಒಂದು ಚೀಟಿಗೆ ರುಜು ಹಾಕಿ ಮೂವತ್ತು ಮುಡಿಯ ಗದ್ದೆ ಹೋಯ್ತು."

ಆ ಮಾತು ಅರ್ಥ ಆಗಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಭೂಮಿಯ ಲೆಕ್ಕವೆಲ್ಲ ಕನ್ನಡದ್ದೇ: ತಲೆಮಾರುಗಟ್ಟಲೆ ನಡೆಯುವ ಮೂಲಗೇಣಿ, ಇಷ್ಟು ವರ್ಷ ಅಂತ ಅವಧಿ ಇರುವ ವಾಯಿದೆಗೇಣಿ, ಧಣಿ ಬಿಡು ಅಂದರೆ ಬಿಡಬೇಕಾದ ಚಾಲಗೇಣಿ. ಗೇಣಿಯನ್ನು ಮುಡಿಯಲ್ಲಿ, ಅಂದರೆ ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಮೂಟೆಯಲ್ಲಿ, ಅಳೆಯುತ್ತಿದ್ದರು. ಕೇರಳದ ಭೂಸುಧಾರಣೆಯಲ್ಲಿ 1970ರ ಜನವರಿ 1ರಿಂದ ಧಣಿಯ ಹಕ್ಕು ಸರಕಾರಕ್ಕೆ ಹೋಯಿತು. ಗೇಣಿದಾರ ಲ್ಯಾಂಡ್ ಟ್ರಿಬ್ಯೂನಲ್‌ಗೆ ಅರ್ಜಿ ಕೊಟ್ಟು ಪಟ್ಟಯಂ ಪಡೆದ. ಬೇರೆ ಜಾಗ ಇಲ್ಲದೆ ಇನ್ನೊಬ್ಬರ ಹಿತ್ತಿಲಲ್ಲಿ ಗುಡಿಸಲು ಕಟ್ಟಿಕೊಂಡಿದ್ದವನಿಗೂ, ಪಂಚಾಯತ್ ಪ್ರದೇಶದಲ್ಲಾದರೆ, 10 ಸೆಂಟ್ ಕೊಳ್ಳುವ ಹಕ್ಕು ಬಂತು. ಕರ್ನಾಟಕದಲ್ಲಿ ಇಂಥದ್ದೇ ಬದಲಾವಣೆ ಆದದ್ದು 1974ರ ಮಾರ್ಚ್ 1ರಂದು. ಗಡಿಯ ಎರಡೂ ಕಡೆ ಗದ್ದೆ ಇದ್ದ ಮನೆಗಳಿಗೆ ನಾಲ್ಕು ವರ್ಷದಲ್ಲಿ ಎರಡು ಸಲ ಏಟು ಬಿತ್ತು.

ಆಗ ಗೇಣಿ ಚೀಟು, ಅಂದರೆ ಗೇಣಿಯ ಕರಾರು ಬರೆದ ಕಾಗದ, ಇದ್ದವನ ಕೈಯಲ್ಲಿ ಗಟ್ಟಿ ಪುರಾವೆ ಇತ್ತು. ಉಳಿದವರು ಸಾಕ್ಷಿ ಹುಡುಕಿಕೊಂಡು ಅಲೆಯಬೇಕಾಯಿತು. ಉತ್ತವನಿಗೆ ನೆಲ ಸಿಕ್ಕಿದ್ದು ನ್ಯಾಯವೇ ಅಂತ ನನ್ನ ಲೆಕ್ಕ. ನಮ್ಮ ಅಜ್ಜನೂ ಚಾಲಗೇಣಿಯವರೇ. ಆದರೆ ಆ ಅಕ್ಕನ ಮನೆಯಲ್ಲಿ ಉಳಿದ ಪಾಠ ಬೇರೆ: ಬಾಯಲ್ಲಿ ಹೇಳು, ಬರೆದು ಕೊಡಬೇಡ.

ಮಳಿಗೆಯ ಬಾಡಿಗೆಗೂ ಆ ಕಾನೂನಿಗೂ ಸಂಬಂಧ ಇಲ್ಲ, ಕೇರಳದಲ್ಲಿ ಈಗ ಹೊಸದಾಗಿ ಗೇಣಿಗೆ ಕೊಡುವುದಕ್ಕೇ ಅವಕಾಶ ಇಲ್ಲ ಅಂತ ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ಕೊನೆಗೆ ಕಾಗದವನ್ನೇ ಬದಲಿಸಿದೆ. ಎಡಕ್ಕೆ ಕನ್ನಡ, ಬಲಕ್ಕೆ ಮಲಯಾಳ. "ಲೈಸೆನ್ಸ್ ಪಡೆಯುವುದಕ್ಕೆ ಮಾತ್ರ, ಇದರಿಂದ ಬೇರೆ ಯಾವ ಹಕ್ಕೂ ಹುಟ್ಟುವುದಿಲ್ಲ" ಎಂಬ ಸಾಲು ಸೇರಿಸಿದೆ. ಅವರು ಮೂರು ದಿನ ಇಟ್ಟುಕೊಂಡು ಭೂತಗನ್ನಡಿಯಲ್ಲಿ ಓದಿದರು. "ಮಾತ್ರ" ಎಂಬಲ್ಲಿ ಪೆನ್ಸಿಲಿನಲ್ಲಿ ಗೀಟು ಎಳೆದಿದ್ದರು. ಆಮೇಲೆ ಕನ್ನಡದಲ್ಲೇ ರುಜು ಹಾಕಿದರು. ಕಚೇರಿಯಲ್ಲಿ ಗುಮಾಸ್ತ ಅದನ್ನು ಅತ್ತಿತ್ತ ತಿರುಗಿಸಿ, "ಇದಾರುಡೆ ಒಪ್ಪಾಣ್?" ಅಂದ. ಇದು ಯಾರ ಸಹಿ ಅಂತ. ನಾನೇ ಓದಿ ಹೇಳಬೇಕಾಯಿತು.

ಈಗ ನಿಮ್ಮ ವಿಷಯ. ಕರಾರು 11 ತಿಂಗಳಿಗೆ ಬರೆಯುತ್ತಾರೆ. ವರ್ಷ ಮೀರಿದರೆ ರಿಜಿಸ್ಟರ್ ಮಾಡಬೇಕು ಎನ್ನುವ ನಿಯಮ ತಪ್ಪಿಸಲು. ನಿಮ್ಮ ಬೆಂಗಳೂರಿನಲ್ಲೂ ಹಾಗೇ ಅಲ್ವಾ. ಕನ್ನಡದಲ್ಲಿ ಬರೆದರೆ ಅಸಿಂಧು ಆಗುವುದಿಲ್ಲ. ಕೇರಳದ ಅಧಿಕೃತ ಭಾಷೆಯ ಕಾನೂನಿನಲ್ಲಿ ನಮ್ಮಂಥ ಕನ್ನಡದವರು ಇಲ್ಲಿನ ಸರಕಾರಿ ಕಚೇರಿಗಳ ಜೊತೆ ಕನ್ನಡದಲ್ಲಿ ವ್ಯವಹರಿಸಬಹುದು ಅಂತ ಇದೆ. ಓದಲು ಬರುವ ಗುಮಾಸ್ತ ಸಿಗುವುದು ಮಾತ್ರ ನಿಮ್ಮ ಅದೃಷ್ಟ. ಅದಕ್ಕೇ ಎರಡೂ ಭಾಷೆಯಲ್ಲಿ ಬರೆಸಿ, ಎರಡಕ್ಕೂ ಇಬ್ಬರೂ ಸಹಿ ಹಾಕಿ.

ಮಾಲೀಕರು ಗಲ್ಫಿನಲ್ಲಿದ್ದಾರೆ, ಭಾವ ನೋಡಿಕೊಳ್ಳುತ್ತಾನೆ ಅಂದರೆ ಆ ಭಾವನ ಹತ್ತಿರ ಮುಕ್ತ್ಯಾರ್ ಇದೆಯಾ ಕೇಳಿ. ಮುಕ್ತ್ಯಾರ್ ಅಂದರೆ ಅಧಿಕಾರಪತ್ರ. ಫೋನಿನಲ್ಲಿ "ಆಯ್ತು" ಅಂದದ್ದು ಸಾಕಾಗುವುದಿಲ್ಲ. ಬೇಜಾರು ಮಾಡ್ಕೊಳ್ತಾರೆ ಅಂತ ಸುಮ್ನೆ ಇರಬೇಡಿ, ಇಲ್ಲಿ ಎಲ್ಲರೂ ಕೇಳ್ತಾರೆ.

ಜೊತೆಯಲ್ಲಿ ಸಹೋದ್ಯೋಗಿಯನ್ನು ಇಟ್ಟುಕೊಳ್ತೇನೆ ಅಂದಿರಲ್ಲ, ಅದನ್ನು ಮೊದಲೇ ಹೇಳಿ ಬರೆಸಿ. 1965ರ ಬಾಡಿಗೆ ಕಾಯ್ದೆ ಜಾರಿ ಇರುವ ಕಡೆ ನ್ಯಾಯಾಲಯದ ಆದೇಶ ಇಲ್ಲದೆ ನಿಮ್ಮನ್ನು ಹೊರಗೆ ಹಾಕುವ ಹಾಗಿಲ್ಲ. ಆದರೆ ಕೇಳದೆ ಒಳಬಾಡಿಗೆಗೆ ಕೊಟ್ಟರೆ ಆ ಆದೇಶ ಪಡೆಯಲು ನೀವೇ ಅವರಿಗೆ ದಾರಿ ಮಾಡಿಕೊಟ್ಟ ಹಾಗೆ.

ಮಲಯಾಳದ ಪ್ರತಿ ಕೈಗೆ ಬಂದ ಮೇಲೆ ಫೋಟೋ ತೆಗೆದು ಕಳಿಸಿ, ಓದಿ ಹೇಳ್ತೇನೆ. ಎಲ್ಲಾ ಪುಟ ಕಳಿಸಿ. ಸಹಿಯ ಪುಟ ಒಂದನ್ನೇ ಕಳಿಸುವವರು ಜಾಸ್ತಿ.